ಯಾರ ಕಂಠ ಮೇಲು?



ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಬರುವ ಬಸ್ಸಿನಲ್ಲಿ ನೀವೂ ಈ ವಾದ ಕೇಳಿರಬಹುದು: ರಾಜ್‌ಕುಮಾರರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ ಕಾಲ ಮೇಲೋ, ರಾಜ್ ತಾವೇ ಹಾಡಿದ ಕಾಲ ಮೇಲೋ? ಈ ವಾದದಿಂದ ಮಾತು ಬಿಟ್ಟ ಗೆಳೆಯರೂ ಉಂಟು.

ಪ್ರಯೋಗಶಾಲೆಯಲ್ಲಿ ಒಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಡುತ್ತೇವಲ್ಲವೇ? ಇಲ್ಲಿಯೂ ಹಾಗೆ ಮಾಡೋಣ. 1971ರ ‘ಕಸ್ತೂರಿ ನಿವಾಸ’ದಲ್ಲಿ ಶ್ರೀನಿವಾಸ್ ಹಾಡಿದ್ದನ್ನು ಕೇಳಿ, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್ ಹಾಡಿದ ಎಮ್ಮೆಯ ಹಾಡನ್ನು ಕೇಳಿ. ಎರಡಕ್ಕೂ ಸಂಗೀತ ಜಿ.ಕೆ. ವೆಂಕಟೇಶರದೇ. ಆದರೂ ಪ್ರಯೋಗ ಪೂರ್ಣವಾಗದು. ಒಂದೆಡೆ ಸರ್ವಸ್ವವನ್ನೂ ಕೊಟ್ಟ ದಾನಿ, ಇನ್ನೊಂದೆಡೆ ಹಳ್ಳಿಯ ಒರಟ. ಕಂಠದೊಡನೆ ಪಾತ್ರವೂ ಬದಲಾಗಿದೆ. ಹಾಗಾದರೆ ‘ಯಾರು ಮೇಲು’ ಎನ್ನುವುದಕ್ಕಿಂತ ‘ಯಾವ ಪಾತ್ರಕ್ಕೆ ಯಾವ ಕಂಠ’ ಎಂಬುದೇ ಸರಿಯಾದ ಪ್ರಶ್ನೆ.

ಮಾತು ಬಿಟ್ಟ ಗೆಳೆಯನಿದ್ದರೆ, ಅವನ ಪಕ್ಕದಲ್ಲೇ ಕುಳಿತು ಕೇಳಿ.