ಸುಟ್ಟ ಕಾಡಿಗೆ ಸಸಿ ಬೇಕಾ?

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದದ್ದು ನೆನಪಿದೆಯಲ್ಲ? ಸಾವಿರಾರು ಎಕರೆ ಕಪ್ಪಾಯಿತು. ಇಂಥದ್ದು ಆದಾಗಲೆಲ್ಲ ಸಸಿ ನೆಡೋಣ, ಬೀಜದುಂಡೆ ಎಸೆಯೋಣ ಅಂತ ಶುರುವಾಗುತ್ತೆ. ಒಳ್ಳೆ ಮನಸ್ಸೇ ಸರಿ. ಆದರೆ ಮರ ನಿಜವಾಗಿ ಸತ್ತಿದೆಯಾ?

ನಮ್ಮ ಮಂಜಗುಣಿಯಿಂದ ಘಟ್ಟದ ಕಡೆ ಹೋದರೆ ಬೇಣ ಸಿಗುತ್ತವೆ. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಕೌಲು ಮರ. ಹುಲ್ಲು ಉರಿದುಹೋದರೂ ದಪ್ಪ ತೊಗಟೆ ಅದರ ಜೀವ ಕಾಯುತ್ತೆ. ಬಂಡೀಪುರದ ಮತ್ತಿ, ಹೊನ್ನೆಯದ್ದೂ ಅದೇ ಕಥೆ. ಎಳೆ ಗಿಡದ ಕಾಂಡ ಸುಟ್ಟರೂ ಬೇರಿನಲ್ಲಿ ಕೂಡಿಟ್ಟ ಪಿಷ್ಟ ಇರುತ್ತೆ. ಮಳೆ ಬಿದ್ದರೆ ಬುಡದಿಂದಲೇ ಚಿಗುರುತ್ತೆ. ಅಲ್ಲಿ ಗುಂಡಿ ತೋಡಿದರೆ ಪೆಟ್ಟು ಬೀಳೋದು ಆ ಬೇರಿಗೇ.

ಹಾಗಂತ ಬೆಂಕಿ ಹಚ್ಚೋರಿಗೆ ಇದು ಪರವಾನಗಿ ಅಲ್ಲ ರೀ. ವರ್ಷ ವರ್ಷ ಸುಟ್ಟರೆ ಚಿಗುರು ಬೆಂಕಿಯ ಎತ್ತರ ದಾಟೋದೇ ಇಲ್ಲ, ಪೊದೆಯಾಗೇ ಉಳಿಯುತ್ತೆ. ಲಂಟಾನ ತುಂಬಿದ ಕಡೆ ಬೆಂಕಿ ನೆಲದಲ್ಲಿ ನಿಲ್ಲಲ್ಲ, ಮರ ಹತ್ತುತ್ತೆ. ಹಿಂದೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೇ ಲಂಟಾನ ಹಬ್ಬಿತು ಅಂತ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹೇಳ್ತಾನೇ ಬಂದಿದ್ದಾರೆ. ಕೇಳಿಸಿಕೊಂಡವರು ಕಡಿಮೆ.

2017ರಲ್ಲಿ ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಕಳೆದುಕೊಂಡರು. ಸರ್ಕಾರಕ್ಕೆ ನಾನು ಹೇಳೋದಿಷ್ಟೇ: ಸಸಿಗೆ ಇಡೋ ದುಡ್ಡಲ್ಲಿ ಲಂಟಾನ ಕೀಳಿಸಿ, ಬೆಂಕಿ ರೇಖೆ ಮಾಡೋ ವಾಚರ್‌ಗಳಿಗೆ ತಿಂಗಳು ತಿಂಗಳು ಸಂಬಳ ಕೊಡಿ.