ದುಡಿಯುವ ಉಸಿರಿನ ಲೆಕ್ಕ



ವಾಯುಮಾಲಿನ್ಯ, ದೈಹಿಕ ಚಟುವಟಿಕೆ, ದೀರ್ಘಕಾಲದ ಕಾಯಿಲೆ. ನಮ್ಮ ಸಂಕಿರಣಕ್ಕೆ ವಿಷಯವಾಗಿರುವ ಈ ಮೂರೂ ಈಗಾಗಲೇ ಒಂದೇ ಕಾಗದದ ಮೇಲಿವೆ. ಆ ಕಾಗದ ಆಶಾ ಕಾರ್ಯಕರ್ತೆಯರ ಕೈಚೀಲದಲ್ಲಿದೆ. 30 ವರ್ಷ ತುಂಬಿದವರ ಮನೆಗೆ ಹೋಗಿ ಅವರು ತುಂಬಿಸುವ ಸಿಬ್ಯಾಕ್ ಫಾರ್ಮು ಅದು. ಅದರ ಮೊದಲ ಭಾಗದಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ, ಮನೆತನದ ಕಾಯಿಲೆ ಇವಿಷ್ಟಕ್ಕೂ ಅಂಕಗಳಿವೆ. ತಪಾಸಣೆ ಎಲ್ಲರಿಗೂ ಆಗಬೇಕು, ಆದರೆ 4ಕ್ಕಿಂತ ಹೆಚ್ಚು ಅಂಕ ಬಂದವರಿಗೆ ಮೊದಲ ಆದ್ಯತೆ. ಅಡುಗೆಗೆ ಕಟ್ಟಿಗೆಯೋ ಕುಳ್ಳೋ ಗ್ಯಾಸೋ, ಬೆಳೆಯ ಕಸ ಸುಡುವಲ್ಲಿ ಅಥವಾ ಧೂಳಿರುವ ಕಾರ್ಖಾನೆಯಲ್ಲಿ ದುಡಿಯುತ್ತೀರಾ ಎಂಬ ಪ್ರಶ್ನೆಗಳೂ ಅದೇ ಫಾರ್ಮಿನಲ್ಲಿ ಕೆಳಗೆ ಬರುತ್ತವೆ. ಅವಕ್ಕೆ ಅಂಕವಿಲ್ಲ.

ಈಗ ಕಬ್ಬು ಕಡಿಯುವ ಗ್ಯಾಂಗಿನ 35 ವರ್ಷದ ಒಬ್ಬ ಹೆಣ್ಣುಮಗಳನ್ನು ನೆನೆಯಿರಿ. ತಂಬಾಕು ತಿನ್ನುವುದಿಲ್ಲ. ಮೈಯಲ್ಲಿ ಬೊಜ್ಜಿಲ್ಲ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿಲ್ಲ. ವಾರಕ್ಕೆ 150 ನಿಮಿಷದ ಚಟುವಟಿಕೆಯೇ ಎಂದರೆ, ಅಷ್ಟನ್ನು ಅವಳು ಬೆಳಗಿನ ನ್ಯಾರಿಗೆ ಮುಂಚೆಯೇ ಮುಗಿಸಿರುತ್ತಾಳೆ. ಒಟ್ಟು ಅಂಕ 4ರ ಹತ್ತಿರವೂ ಬರುವುದಿಲ್ಲ. ಪಕ್ಕದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣಗರಿಗೆ, ಬೆಂಕಿ ಹಚ್ಚಿದ್ದಾರೆ, ಅವಳು ಆ ಹೊಗೆಯಲ್ಲಿ ಬಗ್ಗಿ ಕಡಿಯುತ್ತಾಳೆ, ಸಂಜೆ ಗುಡಿಸಲಲ್ಲಿ ಕಟ್ಟಿಗೆ ಒಲೆ ಊದುತ್ತಾಳೆ. ಅವಳ ದುಡಿಮೆ ಅವಳನ್ನು ಕಾಯುತ್ತಿದೆ ಎಂದು ಅಂಕ ಹೇಳುತ್ತದೆ. ಅದೇ ದುಡಿಮೆ ಅವಳ ಎದೆಯೊಳಗೆ ಏನನ್ನು ಎಳೆದುಕೊಳ್ಳುತ್ತಿದೆ ಎಂಬುದನ್ನು ಅಂಕ ಹೇಳುವುದಿಲ್ಲ. ಈ ಸಂಕಿರಣ ಕೈಗೆತ್ತಿಕೊಳ್ಳಬೇಕಾದ ಕೆಲಸ ಇದೇ ಎಂದು ನಾನು ನಂಬಿದ್ದೇನೆ.

ಕುಳಿತಾಗ ನಮ್ಮ ಶ್ವಾಸಕೋಶ ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಮೈಮುರಿದು ದುಡಿಯುವಾಗ ಅದು 40 ಲೀಟರ್ ದಾಟುವುದುಂಟು. ಆಗ ಬಾಯಿಂದಲೂ ಉಸಿರಾಡುತ್ತೇವೆ, ಮೂಗು ಸೋಸುವ ಕೆಲಸ ತಪ್ಪಿಹೋಗುತ್ತದೆ. ಪಿಎಂ 2.5 ಎಂಬ ನವಿರು ಕಣಗಳು ಶ್ವಾಸಕೋಶದ ತಳಕ್ಕಿಳಿದು ಉರಿಯೂತ ಎಬ್ಬಿಸುತ್ತವೆ, ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಇದರಿಂದ ಬರುವುದು ಕೆಮ್ಮು ದಮ್ಮು ಮಾತ್ರವಲ್ಲ. ಹೃದಯಾಘಾತ, ಪಾರ್ಶ್ವವಾಯು, ಮಧುಮೇಹಕ್ಕೂ ದಾರಿಯಾಗುತ್ತದೆ. ದೆಹಲಿ ಮತ್ತು ಚೆನ್ನೈಗಳಲ್ಲಿ ಸುಮಾರು 12 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2023ರಲ್ಲಿ ಪ್ರಕಟವಾದ ಅಧ್ಯಯನ, ಈ ಕಣಗಳಿಗೂ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ನಮ್ಮ ದೇಶದ ಜನರಲ್ಲೇ ತೋರಿಸಿಕೊಟ್ಟಿತು. 2019ರ ಒಂದೇ ವರ್ಷ ಭಾರತದಲ್ಲಿ ಸುಮಾರು 16.7 ಲಕ್ಷ ಸಾವುಗಳಿಗೆ ಕೆಟ್ಟ ಗಾಳಿ ಕಾರಣವಾಯಿತೆಂಬುದು ಅಂದಾಜು. ಅವುಗಳಲ್ಲಿ ಆರು ಲಕ್ಷದಷ್ಟು ಮನೆಯೊಳಗಿನ ಹೊಗೆಯಿಂದಾದವು.

ಹಾಗಾದರೆ ನಡೆಯುವುದನ್ನು ಬಿಡಬೇಕೆ? ಬೇಡ. ತೈವಾನಿನಲ್ಲಿ 2001ರಿಂದ 2016ರವರೆಗೆ ಸುಮಾರು 3.8 ಲಕ್ಷ ವಯಸ್ಕರನ್ನು ಗಮನಿಸಿದಾಗ, ಗಾಳಿ ಕೆಟ್ಟಿರುವಲ್ಲಿಯೂ ವ್ಯಾಯಾಮ ಮಾಡುವವರೇ ಹೆಚ್ಚು ಬದುಕಿದ್ದು ಕಂಡಿತು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡ ಒಂದು ಲೆಕ್ಕ ಹಾಕಿತು. ಪಿಎಂ 2.5 ಘನಮೀಟರಿಗೆ 22 ಮೈಕ್ರೋಗ್ರಾಂ ಇರುವ ಊರಲ್ಲಿ ಸೈಕಲ್ ತುಳಿದರೆ ಲಾಭವೇ ಹೆಚ್ಚು. ಅದು 100ಕ್ಕೆ ಏರಿದರೆ ದಿನಕ್ಕೆ ಒಂದೂವರೆ ಗಂಟೆ ತುಳಿದ ಮೇಲೆ ಹಾನಿಯೇ ಮೇಲುಗೈ. ಆ ಲೆಕ್ಕ ಕೆಲಸಕ್ಕೆ ಹೋಗಿ ಬರಲು ಸೈಕಲ್ ಹತ್ತುವ ಪಟ್ಟಣಿಗನದು. ಬೆಳಕು ಹರಿಯುವ ಮೊದಲೇ ಹೊಲಕ್ಕಿಳಿದು ದಿನವಿಡೀ ಹೊಗೆಯ ಮಗ್ಗುಲಲ್ಲಿ ದುಡಿಯುವವಳ ಲೆಕ್ಕವನ್ನು ಹಾಕಬೇಕಾದವರು ನಾವು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಹೀಗೆ ದುಡಿಯುವವರು ಯಾರು ಯಾರು? ರಾಮದುರ್ಗದ ನೇಕಾರರಿದ್ದಾರೆ. ಹತ್ತಿಯ ನುಣ್ಣನೆಯ ಧೂಳು ಬೈಸಿನೋಸಿಸ್ ಎಂಬ ಕಾಯಿಲೆ ತರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವುದು ಅದರ ಮೊದಲ ಗುರುತು. ಮುಂದೆ ಬಿಗಿತ ವಾರವಿಡೀ ನಿಲ್ಲುತ್ತದೆ. ಅರಳೆ ಬೇರ್ಪಡಿಸುವ ಜಿನ್ನಿಂಗ್ ಗಿರಣಿಗಳಲ್ಲಿಯೂ ಈ ಅಪಾಯವಿದೆ. ಸಕ್ಕರೆ ಕಾರ್ಖಾನೆಯ ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವ ಬಗಾಸೋಸಿಸ್ ಇನ್ನೊಂದು. ಎರಡೂ ಕಾರ್ಮಿಕರ ಪರಿಹಾರದ ಕಾನೂನಿನ ಅನುಸೂಚಿಯಲ್ಲಿವೆ, ಅಂದರೆ ಪರಿಹಾರ ಕೇಳುವ ಹಕ್ಕಿದೆ. ಮನೆಯಲ್ಲೇ ಎರಡು ಮಗ್ಗ ಹಾಕಿಕೊಂಡು ಅಲ್ಲೇ ಉಂಡು ಮಲಗುವ ನೇಕಾರ ಆ ಹಕ್ಕನ್ನು ಯಾರ ಹತ್ತಿರ ಕೇಳಬೇಕು? ರೋಗಕ್ಕೆ ಹೆಸರಿಡದೆ ಬರೀ ದಮ್ಮು ಎಂದು ಚೀಟಿ ಬರೆದು ಕಳಿಸಿದರೆ ಆ ಪ್ರಶ್ನೆ ಏಳುವುದೇ ಇಲ್ಲ.

ಒಲೆಯ ಮಾತಿಗೆ ಬರುತ್ತೇನೆ. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರ್ ಬಂದದ್ದು ದೊಡ್ಡ ಸಂಗತಿ. ಆದರೆ ಚಹಾ, ಅನ್ನ ಗ್ಯಾಸಿನ ಮೇಲಾದರೂ ಜೋಳದ ರೊಟ್ಟಿ ಕಟ್ಟಿಗೆ ಒಲೆಯ ಮೇಲೇ ಬೇಯುವ, ಸ್ನಾನದ ಹಂಡೆಗೆ ಹತ್ತಿಕಟ್ಟಿಗೆಯನ್ನೇ ಹಾಕುವ ಮನೆಗಳು ನಮ್ಮಲ್ಲಿ ಹಲವು. ರೊಟ್ಟಿ ಬಡಿಯುವುದು ತೋಳು, ಬೆನ್ನು ಎರಡಕ್ಕೂ ದಣಿವಿನ ಕೆಲಸ, ಮುಖ ಮಾತ್ರ ಹೊಗೆಗೆ ನೇರ. ಮನೆಯಲ್ಲಿ ಗ್ಯಾಸ್ ಇದೆಯೇ ಎಂದು ಕೇಳಿ ಹೌದು ಎಂದು ಬರೆದುಕೊಂಡರೆ ಅರ್ಧ ಸತ್ಯ ಸಿಕ್ಕಿತು. ರೊಟ್ಟಿ ಯಾವುದರ ಮೇಲೆ ಬೇಯಿಸುತ್ತೀರಿ ತಾಯಿ, ಎಂದು ಕೇಳಿ.

ಕಾಲವೂ ನಮ್ಮ ಕಡೆಗಿಲ್ಲ. ಕಬ್ಬು ಅರೆಯುವ ಹಂಗಾಮು ಚಳಿಗಾಲದಲ್ಲೇ ಬರುತ್ತದೆ. ನೆಲಕ್ಕೆ ಹತ್ತಿದ ತಣ್ಣನೆಯ ಗಾಳಿ ಬೆಳಗಿನ ಹೊತ್ತು ಹೊಗೆಯನ್ನು ಮೇಲೇಳಗೊಡುವುದಿಲ್ಲ. ಕಿತ್ತೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳು ನಿಲ್ಲುವುದೇ ಇಲ್ಲ. ಅದೇ ತಿಂಗಳುಗಳಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನ ನಡೆದು ಬರುತ್ತಾರೆ, ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸಿದ ಧೂಳಿನಲ್ಲಿ. ಸಕ್ಕರೆ ಕಾಯಿಲೆಯವರಿಗೆ ಬೆಳಗ್ಗೆ ವಾಕಿಂಗ್ ಹೇಳುವ ವೈದ್ಯರಲ್ಲಿ ನನ್ನ ವಿನಂತಿ: ಯಾವ ರಸ್ತೆ, ಯಾವ ಹೊತ್ತು ಎಂಬುದನ್ನೂ ಹೇಳಿ. ಹೆದ್ದಾರಿ ಬಿಟ್ಟು ಹೊಲದ ದಾರಿ ಹಿಡಿಯಲಿ, ಬಿಸಿಲೇರಿ ಹೊಗೆ ಚದುರಿದ ಮೇಲೆ ಹೊರಡಲಿ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ ಪಿಎಂ 2.5ರ ವರ್ಷದ ಸರಾಸರಿಗೆ ಹಾಕಿದ ಮಿತಿ ಘನಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 40. ಹಳ್ಳಿಯ ಗಾಳಿ ಚೊಕ್ಕ ಎಂಬ ನಂಬಿಕೆಯಲ್ಲಿ ನಾವು ಈ ಎರಡೂ ಮಿತಿಗಳನ್ನು ಪಟ್ಟಣಕ್ಕೆ ಬಿಟ್ಟುಕೊಟ್ಟಿದ್ದೇವೆ.

ಈ ಸಭೆಯಿಂದ ನಾನು ಬೇಡುವುದು ಹೆಚ್ಚಿನದೇನಲ್ಲ. ಸಂಶೋಧಕರು ಗಾಳಿ ಅಳೆಯುವ ಯಂತ್ರವನ್ನು ಕಚೇರಿಯ ಮಾಳಿಗೆಯ ಮೇಲಿಡದೆ ಮಗ್ಗದ ಕೋಣೆಯಲ್ಲಿ, ರೊಟ್ಟಿಯ ಒಲೆಯ ಎದುರು, ಕಬ್ಬಿನ ಬದುವಿನ ಮೇಲೆ ಇಡಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಸಿರಿನ ಬಲ ಅಳೆಯುವ ಸ್ಪೈರೋಮೀಟರ್ ದಿನವೂ ಬಳಕೆಯಾಗಲಿ. ರವದಿ ಸುಡದೆ ಪುಡಿ ಮಾಡಿ ನೆಲಕ್ಕೆ ಸೇರಿಸುವ ವಿಧಾನವನ್ನು ರೈತರಿಗೆ ಕಲಿಸಲು ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವನ್ನು ಆರೋಗ್ಯ ಇಲಾಖೆಯೇ ಹೋಗಿ ಕರೆಯಲಿ. ಮತ್ತು ಸಿಬ್ಯಾಕ್ ಫಾರ್ಮಿನಲ್ಲಿ ಹೊಗೆಗೂ ಧೂಳಿಗೂ ಅಂಕ ಕೊಡಬೇಕೆಂದು ಈ ಸಂಕಿರಣ ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಲಿ. ಆ ಅಂಕ ಬರುವವರೆಗೂ ಕಾಯುವುದು ಬೇಡ. ಆಶಾ ತಾಯಂದಿರೆ, ಹೊಗೆಯ ಪ್ರಶ್ನೆಗೆ ಹೌದು ಎಂದವರ ಹೆಸರನ್ನು ಬೇರೆ ಪಟ್ಟಿ ಮಾಡಿ, ಮುಂದಿನ ಹಂಗಾಮು ಶುರುವಾಗುವ ಮೊದಲು ನಿಮ್ಮ ವೈದ್ಯಾಧಿಕಾರಿಗಳ ಕೈಗೆ ಕೊಡಿ.