ಬೇರುಕೊಳೆ: ಸತ್ತ ಗಿಡವಲ್ಲ, ಬಾಡುತ್ತಿರುವ ಗಿಡ ತನ್ನಿ
(ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ತರಕಾರಿ ಬೆಳೆಗಾರರಿಗೆ ನೀಡಿದ ಭಾಷಣ)



ಬೇರುಕೊಳೆ ಕಂಡಾಗ ಬಹಳ ಮಂದಿ ಪೂರ್ತಿ ಒಣಗಿದ ಗಿಡವನ್ನೇ ಕಿತ್ತು, ಮಣ್ಣು ಕೊಡವಿ ತರುತ್ತಾರೆ. ಅದರಿಂದ ರೋಗ ಗುರುತಿಸುವುದು ಕಷ್ಟ. ಗಿಡ ಸತ್ತ ಮೇಲೆ ಕೊಳೆತದ್ದನ್ನು ತಿನ್ನುವ ಹತ್ತಾರು ಬೂಷ್ಟುಗಳು ಬೇರಿಗೆ ಮುತ್ತಿರುತ್ತವೆ. ಕೊಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಸೂಕ್ಷ್ಮದರ್ಶಕದಲ್ಲಿಯೂ ಸುಲಭವಾಗಿ ತಿಳಿಯದು.

ರೋಗ ಹಬ್ಬಿದ ಜಾಗದ ಅಂಚಿಗೆ ಹೋಗಿ. ಈಗಷ್ಟೇ ಬಾಡತೊಡಗಿದ ಗಿಡವನ್ನು ಸಲಿಕೆಯಿಂದ ಬೇರುಸಹಿತ ಅಗೆದು, ನೀರಿನಲ್ಲಿ ಮೆಲ್ಲಗೆ ತೊಳೆದು ನೋಡಿ.

ಬೇರು ಕಂದಾಗಿ ಮೆತ್ತಗಾಗಿದ್ದು, ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರದಂಥ ನಾರು ಮಾತ್ರ ಉಳಿದರೆ ಪಿಥಿಯಂ ಎಂದು ಶಂಕಿಸಬೇಕು. ನೀರು ನಿಲ್ಲುವ ಎರೆ ಭೂಮಿಯಲ್ಲಿ, ಸಸಿ ಮಡಿಗಳಲ್ಲಿ ಇದರ ಹಾವಳಿ ಹೆಚ್ಚು. ನಿಮ್ಮ ಶುಂಠಿಯ ಗಡ್ಡೆ ಕೊಳೆಸುವುದೂ ಬಹುಮಟ್ಟಿಗೆ ಇದೇ ಕುಲ. ಶಿಲೀಂಧ್ರದಂತೆ ಕಂಡರೂ ಇದು ನಿಜವಾದ ಶಿಲೀಂಧ್ರವಲ್ಲ. ಕಾರ್ಬೆಂಡಜಿಮ್ ಎಷ್ಟು ಸುರಿದರೂ ಇದಕ್ಕೆ ನಾಟದು. ಇದಕ್ಕೆ ಮೆಟಲಾಕ್ಸಿಲ್ ಇರುವ ಔಷಧಿ ಬೇಕು, ಅದಕ್ಕೂ ಮೊದಲು ಬಸಿಗಾಲುವೆ ಬೇಕು. ಹೆಸರು ತಪ್ಪಿದರೆ ಹಣವೂ ಹೋಯಿತು, ಬೆಳೆಯೂ ಹೋಯಿತು.

ಬುಡದಲ್ಲಿ ಬೀಸಣಿಗೆಯಂತೆ ಹರಡಿದ ಬಿಳಿ ಎಳೆ, ಅದರ ಮೇಲೆ ಸಾಸಿವೆಯಂಥ ಕಂದು ಕಾಳು ಕಂಡರೆ ಅದು ಸ್ಕ್ಲೆರೋಷಿಯಂ. 1892ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ರಾಲ್ಫ್ಸ್ ಎಂಬುವರು ಇದನ್ನು ಟೊಮ್ಯಾಟೊ ಗಿಡದಲ್ಲಿಯೇ ಕಂಡರು. ಕಡಲೆಯ ಬುಡಕೊಳೆಗೂ ಇದೇ ಕಾರಣ. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅಂಥ ಗಿಡವನ್ನು ಬದುವಿಗೆ ಎಸೆಯದೆ ಸುಡಿ.

ಬಿಸಿಲು ಹೆಚ್ಚಿ ತೇವ ಕಡಿಮೆಯಾದಾಗ ಬೇರು ಒಣಗಿ, ಸಿಪ್ಪೆಯಡಿ ಇದ್ದಿಲ ಪುಡಿಯಂಥ ಕರಿಚುಕ್ಕೆ ಕಂಡರೆ ಮ್ಯಾಕ್ರೋಫೋಮಿನಾ. ಹಿಂಗಾರಿ ಜೋಳದ ಇದ್ದಿಲು ಕೊಳೆಯೂ ಇದರದೇ. ಆದುದರಿಂದ ಅಂಥ ಹೊಲದಲ್ಲಿ ಜೋಳ ಹಾಕಿದರೆ ಪರ್ಯಾಯ ಬೆಳೆ ಹಾಕಿದಂತಾಗದು.

ಬೇರು ಗಟ್ಟಿಯಿದ್ದೂ ಗಿಡ ಬಾಡಿದರೆ ಕಾಂಡ ಸೀಳಿ ನೋಡಿ. ಒಳಗೆ ಕಂದು ಗೆರೆಯಿದ್ದರೆ ಫ್ಯುಸೇರಿಯಂ ಇರಬಹುದು. ಆದರೆ ದುಂಡಾಣು ಸೊರಗು ರೋಗದಲ್ಲಿಯೂ ಗೆರೆ ಬರುತ್ತದೆ. ಕತ್ತರಿಸಿದ ತುಂಡನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಡಿ. ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದು ದುಂಡಾಣು. ಶಿಲೀಂಧ್ರನಾಶಕ ಕೊಳ್ಳಬೇಡಿ.

ಇಷ್ಟಾದರೂ ಕಣ್ಣಿನ ಅಂದಾಜು ಅಂದಾಜೇ. ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತರುವಾಗ ತೊಳೆಯದ ಇನ್ನೆರಡು ಮೂರು ಗಿಡಗಳನ್ನು ಬೇರಿನ ಮಣ್ಣುಸಹಿತ ಚೀಲದಲ್ಲಿ ಹಾಕಿ, ಬಿಸಿಲಿಗೆ ಇಡದೆ ಅದೇ ದಿನ ತನ್ನಿ. ಜೊತೆಗೆ ಚೀಟಿಯಲ್ಲಿ ಹಿಂದಿನ ಬೆಳೆ, ಕೊನೆಯ ನೀರು ಕೊಟ್ಟ ದಿನ, ಈಗಾಗಲೇ ಹಾಕಿದ ಔಷಧಿಯ ಹೆಸರು ಬರೆದಿರಿ.